ಗೂಡು ತಕ್ಕಡಿಯ ಮೇಲಿರುವಾಗಲೇ ಮತ್ತೆ ತೂಗಿ: ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಚುನಾವಣಾಧಿಕಾರಿಗಳಿಗೆ,

ನಮಸ್ಕಾರ ಸಾರ್. ನಾನು ಕೋಲಾರ ಜಿಲ್ಲೆಯ ಒಬ್ಬ ರೇಷ್ಮೆ ಬೆಳೆಗಾರ. ಯಾವ ಪಕ್ಷದ ಸದಸ್ಯನೂ ಅಲ್ಲ, ಯಾರ ಪರವಾಗಿಯೂ ಬೂತಿನಲ್ಲಿ ಕೂತವನಲ್ಲ. ಈ ಪತ್ರವನ್ನು ತಮಗೊಬ್ಬರಿಗೇ ಅಂಚೆಯಲ್ಲಿ ಹಾಕಬಹುದಿತ್ತು. ಆದರೆ ನಮ್ಮ ಹೆಸರಿನಲ್ಲಿ ಬೇರೆ ಯಾರೋ ವೋಟು ಹಾಕಿಬಿಟ್ಟಿದ್ದರೆ ಏನು ಮಾಡಬೇಕು, ಅಂತರ ಕಡಿಮೆ ಇದ್ದಾಗ ವೋಟನ್ನು ಹೇಗೆ ಎಣಿಸಬೇಕು ಎನ್ನುವ ಇದರಲ್ಲಿರುವ ವಿಷಯ ನಮ್ಮ ಕಡೆಯ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಎಲ್ಲರೂ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. 2023ರ ಮೇ 10, ಬುಧವಾರ, ವಿಧಾನಸಭೆ ಚುನಾವಣೆಯ ದಿನ. ಅವತ್ತಿಗೆ ನಮ್ಮ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಕಳಚಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಹುಳಕ್ಕೆ ಸೊಪ್ಪು ತಪ್ಪಿಸುವ ಹಾಗಿಲ್ಲ. ನಾನು ಬೆಳಗ್ಗೆಯೇ ಹೋಗಿ ವೋಟು ಹಾಕಿ ಬಂದೆ. ಅಮ್ಮ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟುಕೊಂಡು ಹೋಗುವಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅವರಿಗೆ ಆಗ 71 ವರ್ಷ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ಪಂಚಾಯ್ತಿ ಇರಲಿ, ಲೋಕಸಭೆ ಇರಲಿ, ಹಬ್ಬಕ್ಕೆ ಹೋದ ಹಾಗೆ ಹೋಗಿ ಬರುತ್ತಾರೆ.

ಅವತ್ತು ಬೂತಿನ ಒಳಗೆ ಹೋದರೆ, ಪಟ್ಟಿ ನೋಡುವವರು "ಅಮ್ಮಾ, ನಿಮ್ಮ ವೋಟು ಆಗಿಬಿಟ್ಟಿದೆ" ಅಂದರಂತೆ. ಅಮ್ಮ ಎಡಗೈ ಬೆರಳು ಮುಂದೆ ಚಾಚಿ "ನೋಡಿ ಸಾಮಿ, ಶಾಯಿ ಎಲ್ಲಿದೆ?" ಎಂದು ಕೇಳಿದರು. ಗುರುತಿನ ಚೀಟಿ ತೋರಿಸಿದರು. ಒಳಗೆ ಕೂತಿದ್ದ ಪಕ್ಷಗಳ ಏಜೆಂಟರೆಲ್ಲ ನಮ್ಮೂರಿನ ಹುಡುಗರೇ, ಅಮ್ಮನನ್ನು ದೊಡ್ಡಮ್ಮ, ಅತ್ತೆ ಎಂದು ಕರೆಯುವವರೇ. ಇವರು ಯಾರು ಅಂತ ಅವರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ ಕೊನೆಗೆ ಬಂದ ಉತ್ತರ ಒಂದೇ, ರಿಜಿಸ್ಟರಿನಲ್ಲಿ ಆಗಿದೆ, ನಾವೇನೂ ಮಾಡೋಕಾಗಲ್ಲ. ಅಮ್ಮ ವಾಪಸ್ ಬಂದರು. ಬಂದವರು ಸೀರೆ ಬದಲಾಯಿಸಿ ಮತ್ತೆ ಹುಳದ ಮನೆಗೆ ಹೋದರು. ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ಇದನ್ನು ಕಳ್ಳ ವೋಟು ಎಂದು ನಾನು ಹೇಳುವುದಿಲ್ಲ. ನಮ್ಮೂರಲ್ಲಿ ಅಮ್ಮನ ಹೆಸರಿನವರೇ ಮೂವರು ಇದ್ದಾರೆ, ಸಾಲು ತಪ್ಪಿ ಬೇರೆಯವರ ವೋಟಿಗೆ ಅಮ್ಮನ ಹೆಸರಿನ ಮೇಲೆ ಗೆರೆ ಬಿದ್ದಿರಬಹುದು. ಆ ಬಿಸಿಲಿನಲ್ಲಿ ಬೆಳಗ್ಗೆ ಏಳು ಗಂಟೆಯಿಂದ ಕೂತವರು ಅವರೂ ಮನುಷ್ಯರೇ. ಅದಕ್ಕೇ ಊರಿನ ಹೆಸರನ್ನೂ ಬೂತಿನ ನಂಬರನ್ನೂ ಇಲ್ಲಿ ಬರೆದಿಲ್ಲ. ಒಬ್ಬರ ಮೇಲೆ ಕ್ರಮ ಆಗಲಿ ಎನ್ನುವುದು ನನ್ನ ಉದ್ದೇಶವಲ್ಲ.

ನನ್ನ ನೋವು ಬೇರೆ. ಇಂಥ ಸಂದರ್ಭಕ್ಕೆ ಕಾನೂನಿನಲ್ಲಿ ದಾರಿ ಇದೆ ಎನ್ನುವುದು ನನಗೆ ತಿಳಿದದ್ದು ಎಷ್ಟೋ ತಿಂಗಳು ಕಳೆದ ಮೇಲೆ. ಅದಕ್ಕೆ ಟೆಂಡರ್ ವೋಟು ಅನ್ನುತ್ತಾರೆ. ನಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ವೋಟು ಹಾಕಿದ್ದರೆ, ನಾವು ನಾವೇ ಎಂದು ಅಧಿಕಾರಿಗೆ ಒಪ್ಪಿಗೆಯಾಗುವ ಹಾಗೆ ತೋರಿಸಿದರೆ, ಮಷೀನಿನಲ್ಲಿ ಅಲ್ಲದಿದ್ದರೂ ಕಾಗದದ ಮತಪತ್ರ ಕೊಡಬೇಕು. 1961ರ ಚುನಾವಣಾ ನಿಯಮಗಳಲ್ಲಿ 49ಪಿ ಅಂತ ಅದು ಬರೆದಿದೆ. ಹಾಗೆ ಹಾಕಿದ ವೋಟನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಮುಂದೆ ಕೋರ್ಟಿಗೆ ಹೋದರೆ ಅದಕ್ಕೆ ಬೆಲೆ ಬರಬಹುದು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಒಂದು ವೋಟಿನಿಂದ ಸೋತಾಗ, ಕೋರ್ಟಿನಲ್ಲಿ ದೊಡ್ಡ ಚರ್ಚೆ ನಡೆದದ್ದು ಈ ಟೆಂಡರ್ ವೋಟುಗಳ ಬಗ್ಗೆಯೇ. ಅಮ್ಮನಿಗೆ ಆ ಕಾಗದ ಸಿಗಬೇಕಾಗಿತ್ತು ಸಾರ್. ಕೊಡಬೇಕಾದವರು ಹೇಳಲಿಲ್ಲ, ಏಜೆಂಟರಿಗೆ ಗೊತ್ತಿರಲಿಲ್ಲ, ಕೇಳಬೇಕು ಅಂತ ನಮಗೂ ತಿಳಿದಿರಲಿಲ್ಲ.

ಒಂದು ವೋಟು ತಾನೇ ಎಂದು ಆಗ ನಾನೂ ಸುಮ್ಮನಾಗಿದ್ದೆ. ಮೂರು ದಿನ ಕಳೆದು, ಮೇ 13ರ ಶನಿವಾರ ಎಣಿಕೆ ಆಯಿತು. ನಮ್ಮ ಜಿಲ್ಲೆಯ ಮಾಲೂರಿನಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗಿಂತ 248 ವೋಟು ಮುಂದೆ ಇದ್ದರು. ಇಡೀ ಒಂದು ವಿಧಾನಸಭಾ ಕ್ಷೇತ್ರಕ್ಕೆ 248! ನಮ್ಮ ಕಡೆಯ ಒಂದು ಸಾಧಾರಣ ಮದುವೆಯಲ್ಲಿ ಎರಡು ಪಂಕ್ತಿ ಊಟಕ್ಕೆ ಕೂರುವಷ್ಟು ಜನ. ಅದೇ ದಿನ ಬೆಂಗಳೂರಿನ ಜಯನಗರದಲ್ಲಿ, ಮೊದಲು ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ನೋಡಿದ ಮೇಲೆ, ರಾತ್ರಿ ತಡವಾಗಿ ಬಂದ ಫಲಿತಾಂಶದ ಅಂತರ 16. ಹಿಂದೆ 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದು ವೋಟಿನಿಂದ, 40,752 ಮತ್ತು 40,751. ಈ ಅಂಕಿಗಳನ್ನು ನೋಡಿದ ಮೇಲೆ ಅಮ್ಮ ಬೆರಳಿಗೆ ಶಾಯಿ ಇಲ್ಲದೆ ವಾಪಸ್ ಬಂದದ್ದು ನನಗೆ ಚಿಕ್ಕ ವಿಷಯವಾಗಿ ಉಳಿಯಲಿಲ್ಲ.

ಮಾಲೂರಿನ ಕತೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಸೋತವರು ಹೈಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್ 16ರಂದು ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಮಾಡಿ ಮರುಎಣಿಕೆಗೆ ಆದೇಶಿಸಿತು, ಮೇಲ್ಮನವಿಗೆ ಅವಕಾಶ ಇರಲಿ ಎಂದು ಆದೇಶವನ್ನು 30 ದಿನ ತಡೆಹಿಡಿಯಿತು. ಆಮೇಲೆ ಸುಪ್ರೀಂ ಕೋರ್ಟ್. ಮರುಎಣಿಕೆ ಮಾಡಿ, ಫಲಿತಾಂಶ ಪ್ರಕಟಿಸದೆ ಮುಚ್ಚಿದ ಲಕೋಟೆಯಲ್ಲಿ ಕೊಡಿ ಎಂದು ಅದು ಹೇಳಿತು. 2025ರ ನವೆಂಬರಿನಲ್ಲಿ ಮರುಎಣಿಕೆ ನಡೆಯಿತು. ಅವತ್ತು ಟಿವಿಯಲ್ಲಿ ಅದನ್ನು ನೋಡುತ್ತಾ ಅಮ್ಮ ಕೇಳಿದರು, "ಹಂಗಾದ್ರೆ ನಂದೂ ಈಗ ಎಣಿಸ್ತಾರಾ?" ನಮ್ಮದು ಬೇರೆ ಕ್ಷೇತ್ರ, ಅದೂ ಅಲ್ಲದೆ ಎಣಿಸೋಕೆ ಅವರ ಮತಪತ್ರವೇ ಇಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಈ ಪತ್ರ ಬರೆಯಬೇಕು ಎಂದು ನಿರ್ಧರಿಸಿದ್ದು ಅವತ್ತೇ.

ಯಾರು ಗೆಲ್ಲಬೇಕಿತ್ತು, ಯಾರು ಸೋಲಬೇಕಿತ್ತು ಅನ್ನುವುದರಲ್ಲಿ ನಾನಿಲ್ಲ. ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ನಾನು ಕೇಳುವುದು ಕಾಲದ ಬಗ್ಗೆ. ಮೇ 2023ರಿಂದ ಸೆಪ್ಟೆಂಬರ್ 2025ರವರೆಗೆ 28 ತಿಂಗಳು. ಶಾಸಕರ ಅವಧಿಯೇ 60 ತಿಂಗಳು. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳ ಒಳಗೆ ಮುಗಿಸಲು ಪ್ರಯತ್ನ ಮಾಡಬೇಕು ಎಂದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯಲ್ಲೇ ಇದೆ. ತುಮಕೂರು ಜಿಲ್ಲೆಯಲ್ಲಿ ಏನಾಯಿತು ನೋಡಿ. ತುಮಕೂರು ಗ್ರಾಮಾಂತರದಲ್ಲಿ 2018ರ ಮೇ ತಿಂಗಳಲ್ಲಿ ಚುನಾವಣೆ. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಆರೋಪದ ಅರ್ಜಿಯಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಮಾಡಿದ್ದು 2023ರ ಮಾರ್ಚ್ ಕೊನೆಯಲ್ಲಿ. ಅಷ್ಟರಲ್ಲಿ ಮುಂದಿನ ಚುನಾವಣೆಯ ದಿನಾಂಕವೇ ಪ್ರಕಟವಾಗಿತ್ತು. ಆ ಕ್ಷೇತ್ರದ ಜನಕ್ಕೆ ಆ ತೀರ್ಪಿನಿಂದ ಸಿಕ್ಕಿದ್ದೇನು ಸಾರ್?

ನಮ್ಮ ರೇಷ್ಮೆ ಗೂಡಿನ ಮಾರುಕಟ್ಟೆಯ ಪದ್ಧತಿ ಹೇಳುತ್ತೇನೆ. ಶಿಡ್ಲಘಟ್ಟಕ್ಕೋ ಕೋಲಾರಕ್ಕೋ ಗೂಡು ತೆಗೆದುಕೊಂಡು ಹೋಗುತ್ತೇವೆ. ಲಾಟು ಹರಾಜಾಗುತ್ತದೆ, ಆಮೇಲೆ ತೂಕ. ತೂಕದಲ್ಲಿ ಅನುಮಾನ ಬಂದರೆ ಗೂಡು ತಕ್ಕಡಿಯ ಮೇಲಿರುವಾಗಲೇ ಮತ್ತೆ ತೂಗಿಸುತ್ತೇವೆ. ಕೊಂಡವರು ಎದುರಿಗೇ ಇರುತ್ತಾರೆ, ನಾವೂ ಇರುತ್ತೇವೆ, ಸುತ್ತ ನಾಲ್ಕು ಜನ ರೈತರು ಇರುತ್ತಾರೆ. ಐದು ನಿಮಿಷದ ಕೆಲಸ. ಅನುಮಾನ ಇದ್ದರೆ ಗೂಡು ಕೊಟ್ಟು ಕಳಿಸಿ, ಮುಂದಿನ ವರ್ಷ ಬಂದು ತಕರಾರು ಮಾಡಿ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವಾ? ಅಷ್ಟು ಹೊತ್ತಿಗೆ ಆ ಗೂಡು ನೂಲಾಗಿ, ನೂಲು ಸೀರೆಯಾಗಿ ಹೋಗಿರುತ್ತದೆ. ಮತ್ತೆ ತೂಗೋಕೆ ಏನೂ ಉಳಿದಿರುವುದಿಲ್ಲ.

ವೋಟಿನ ಎಣಿಕೆಯಲ್ಲೂ ಹಾಗೇ ಮಾಡಬಹುದಲ್ವಾ? ಈಗ ಮರುಎಣಿಕೆ ಬೇಕು ಎಂದು ಅಭ್ಯರ್ಥಿ ಅಥವಾ ಅವರ ಏಜೆಂಟ್ ಬರೆದುಕೊಡಬೇಕು, ಆ ಕ್ಷೇತ್ರದ ಚುನಾವಣಾಧಿಕಾರಿ ಅದನ್ನು ಒಪ್ಪಲೂಬಹುದು, ಕಾರಣ ಕೊಟ್ಟು ತಳ್ಳಿಹಾಕಲೂಬಹುದು. ಸೋತವರು ಕೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಅಧಿಕಾರಿ ಒಪ್ಪಿದರೆ ಒಬ್ಬರಿಗೆ ಸಿಟ್ಟು, ಒಪ್ಪದಿದ್ದರೆ ಇನ್ನೊಬ್ಬರಿಗೆ ಸಿಟ್ಟು. ಅವರ ಮೇಲೆ ಆ ಹೊತ್ತಿನಲ್ಲಿ ಬೀಳುವ ಒತ್ತಡ ಎಷ್ಟಿರಬಹುದು! ಗೆದ್ದವರ ಕಡೆಯವರು ಹೊರಗೆ ಪಟಾಕಿ ಹಚ್ಚುತ್ತಿರುತ್ತಾರೆ. ಅದರ ಬದಲು ಒಂದು ಗೆರೆ ಎಳೆದುಬಿಡಿ. ಅಂತರ ಒಂದು ಬೂತಿನ ಮತದಾರರ ಸಂಖ್ಯೆಗಿಂತ ಕಡಿಮೆ ಇದ್ದರೆ, ಯಾರೂ ಕೇಳದಿದ್ದರೂ, ಅದೇ ದಿನ, ಅದೇ ಎಣಿಕೆಯ ಕೊಠಡಿಯಲ್ಲಿ, ಎಲ್ಲ ಏಜೆಂಟರ ಮುಂದೆ ಮತ್ತೊಮ್ಮೆ ಎಣಿಸಿ, ಆಮೇಲೆ ಘೋಷಣೆ ಮಾಡಿ. ಅಂಚೆ ಮತಗಳಲ್ಲಿ ಇಂಥ ನಿಯಮ ಆಗಲೇ ಇದೆ. ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಜಾಸ್ತಿ ಇದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು. ಅದೇ ಬುದ್ಧಿಯನ್ನು ಮಷೀನಿನ ವೋಟಿಗೂ ತನ್ನಿ ಎನ್ನುವುದು ನನ್ನ ಮೊದಲ ಬೇಡಿಕೆ. ನಿಯಮ ಬದಲಾಯಿಸುವುದು ತಮ್ಮ ಕೈಯಲ್ಲಿಲ್ಲ, ದೆಹಲಿಯಲ್ಲಿ ಆಗಬೇಕಾದ್ದು ಎಂದು ನನಗೆ ಗೊತ್ತು. ಆದರೆ ಕರ್ನಾಟಕದಿಂದ ಲಿಖಿತ ಶಿಫಾರಸು ಕಳಿಸುವುದು ತಮ್ಮ ಕೈಯಲ್ಲಿದೆ.

ವಿವಿಪ್ಯಾಟ್ ಚೀಟಿ, ಅಂದರೆ ನಾವು ಯಾರಿಗೆ ಹಾಕಿದೆವು ಎಂದು ಮಷೀನಿನ ಪಕ್ಕದಲ್ಲಿ ಅಚ್ಚಾಗುವ ಚೀಟಿ, ಅದರದ್ದೂ ಇದೇ ಮಾತು. 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ ಐದು ಬೂತಿನ ಚೀಟಿ ಎಣಿಸುತ್ತಾರೆ. ಅಂತರ ಹತ್ತಾರು ಸಾವಿರ ಇದ್ದಾಗ ಐದು ಸಾಕು, ನನಗೇನೂ ತಕರಾರಿಲ್ಲ. ಎಲ್ಲ ಚೀಟಿಯನ್ನೂ ಎಣಿಸಿ ಎನ್ನುವ ಬೇಡಿಕೆಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಅದಕ್ಕೂ ತಲೆಬಾಗುತ್ತೇನೆ. ಆದರೆ 16, 248 ಇಂಥ ಅಂತರದಲ್ಲಿ ಐದರ ಜಾಗದಲ್ಲಿ ಇನ್ನಷ್ಟು ಬೂತಿನ ಚೀಟಿ ಎಣಿಸಿದರೆ ಹೆಚ್ಚೆಂದರೆ ಒಂದು ದಿನ ತಡವಾಗಬಹುದು. ಒಂದು ದಿನ ಕಾಯೋಕೆ ನಾವು ತಯಾರಿದ್ದೇವೆ.

ಇನ್ನು 17ಸಿ. ವೋಟು ಮುಗಿದ ಮೇಲೆ ಆ ಬೂತಿನಲ್ಲಿ ಒಟ್ಟು ಎಷ್ಟು ಜನ ವೋಟು ಹಾಕಿದರು ಎಂದು ಲೆಕ್ಕ ಬರೆದು, ಸಹಿ ಹಾಕಿ, ಏಜೆಂಟರಿಗೆ ಪ್ರತಿ ಕೊಡುತ್ತಾರಲ್ಲ, ಅದು. ನಮಗೆ ತೂಕದ ಚೀಟಿ ಇದ್ದ ಹಾಗೆ ಅದು. ಏಜೆಂಟರ ಕೈಗೆ ಸಿಕ್ಕ ಆ ಕಾಗದ ನನ್ನಂಥ ಮತದಾರನಿಗೆ ನೋಡಲು ಸಿಗುವುದಿಲ್ಲ. ಪಕ್ಷೇತರರಿಗೆ ಎಲ್ಲ ಬೂತಿನಲ್ಲೂ ಏಜೆಂಟರೇ ಇರುವುದಿಲ್ಲ. ಹಾಲಿನ ಡೇರಿಯಲ್ಲೇ ದಿನದ ಲೆಕ್ಕವನ್ನು ಎಲ್ಲರೂ ನೋಡುತ್ತಾರೆ. ಬೂತಿನ ಲೆಕ್ಕದ ಒಂದು ಪ್ರತಿಯನ್ನು ಅದೇ ಶಾಲೆಯ ಗೋಡೆಗೆ ಅಂಟಿಸಿ ಹೋಗುವುದಕ್ಕೆ ಏನು ಅಡ್ಡಿ? ಯಾರು ಯಾರಿಗೆ ಹಾಕಿದರು ಎನ್ನುವುದು ಅದರಲ್ಲಿ ಇರುವುದೇ ಇಲ್ಲ.

ವಿಡಿಯೋ ವಿಷಯಕ್ಕೆ ಬರುತ್ತೇನೆ, ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಇದು. ಮಾಲೂರು ಪ್ರಕರಣದಲ್ಲಿ ಎಣಿಕೆಯ ವಿಡಿಯೋವನ್ನು ಕೋರ್ಟಿನ ಮುಂದೆ ಇಡಲಾಗಲಿಲ್ಲ ಎನ್ನುವುದನ್ನು ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಆ ವಿಡಿಯೋ ಇದ್ದಿದ್ದರೆ ಅದು ಯಾರ ಪರವಾಗಿಯಾದರೂ ಇರಬಹುದಿತ್ತು. ಗೆದ್ದವರು ಸರಿಯಾಗಿಯೇ ಗೆದ್ದಿದ್ದರೆ ಅವರ ಮೇಲಿನ ಮಾತು ಆಗಲೇ ಮುಗಿಯುತ್ತಿತ್ತು. ಕಷ್ಟಪಟ್ಟು ಎಣಿಸಿದ ಸಿಬ್ಬಂದಿಗೂ ಅದೇ ರಕ್ಷಣೆ. ಈಗ 2025ರ ಮೇ ತಿಂಗಳ ಚುನಾವಣಾ ಆಯೋಗದ ಸೂಚನೆಯ ಪ್ರಕಾರ, ತಕರಾರು ಅರ್ಜಿ ಬಾರದಿದ್ದರೆ ಫಲಿತಾಂಶದ 45 ದಿನದ ಮೇಲೆ ಚುನಾವಣೆಯ ವಿಡಿಯೋಗಳನ್ನು ಅಳಿಸಬಹುದು. ಅರ್ಜಿ ಹಾಕಲು ಇರುವ ಅವಧಿಯೂ 45 ದಿನವೇ. ಒಂದೆರಡು ದಿನ ಸಂವಹನ ತಪ್ಪಿದರೂ ಸಾಕ್ಷಿ ಹೋಯಿತು. ನನ್ನ ವಿನಂತಿ ಇಷ್ಟು: ಅಂತರ ಕಡಿಮೆ ಇರುವ ಕ್ಷೇತ್ರಗಳಲ್ಲಿ ಅರ್ಜಿ ಬರಲಿ ಬಿಡಲಿ, ಕನಿಷ್ಠ ಒಂದು ವರ್ಷ ಎಣಿಕೆಯ ವಿಡಿಯೋ ಇಡಿ. ಎರಡು ಪ್ರತಿ ಮಾಡಿ, ಒಂದು ಜಿಲ್ಲೆಯಲ್ಲಿ, ಇನ್ನೊಂದು ತಮ್ಮ ಕಚೇರಿಯಲ್ಲಿ. ಕೇಸು ಇದ್ದರೆ ಮೇಲ್ಮನವಿ ಮುಗಿಯುವ ತನಕ ಇರಲಿ. ಕೋರ್ಟು ಎಷ್ಟು ಬೇಗ ಮುಗಿಸಬೇಕು ಎಂದು ನಾನಾಗಲಿ ತಾವಾಗಲಿ ಹೇಳುವ ಹಾಗಿಲ್ಲ. ಆದರೆ ದಾಖಲೆಗಾಗಿ ಕೋರ್ಟು ಕಾಯುವಂತೆ ಆಗಬಾರದು.

ಟೆಂಡರ್ ವೋಟಿನ ಬಗ್ಗೆ ಮಾಡಬೇಕಾದ ಕೆಲಸಕ್ಕೆ ಯಾವ ತಿದ್ದುಪಡಿಯೂ ಬೇಡ, ಒಂದು ಬೋರ್ಡು ಸಾಕು. "ನಿಮ್ಮ ಹೆಸರಿನಲ್ಲಿ ಬೇರೆಯವರು ವೋಟು ಹಾಕಿದ್ದರೆ ವಾಪಸ್ ಹೋಗಬೇಡಿ, ಒಳಗಿನ ಅಧಿಕಾರಿಯನ್ನು ಕೇಳಿ, ನಿಮಗೆ ಮತಪತ್ರ ಕೊಡುತ್ತಾರೆ." ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಬೂತಿನ ಬಾಗಿಲಲ್ಲಿ ಹಾಕಿ. ನಮ್ಮ ಕೋಲಾರದ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಬಹಳ, ಆದ್ದರಿಂದ ತೆಲುಗಿನಲ್ಲೂ ಇರಲಿ. ಓದು ಬಾರದ ಅಮ್ಮನಂಥವರಿಗೆ ಮನೆಮನೆಗೆ ಚೀಟಿ ಕೊಡಲು ಬರುವ ಬಿಎಲ್‌ಒಗಳು, ಅಂದರೆ ಬೂತಿನ ಮಟ್ಟದ ಅಧಿಕಾರಿಗಳು, ಬಾಯಲ್ಲಿ ಒಂದು ಮಾತು ಹೇಳಲಿ. ಸಿಬ್ಬಂದಿಯ ತರಬೇತಿಯಲ್ಲಿ ಇದು ಇದ್ದೇ ಇರುತ್ತದೆ ಅಂತ ಕೇಳಿದ್ದೇನೆ, ಆದರೆ ಆ ಹೊತ್ತಿಗೆ ನೆನಪಾಗದಿದ್ದರೆ ನಮಗೆ ಏನು ಉಪಯೋಗ?

ಇನ್ನೊಂದು ಮಾತು, ಇದು ನಮ್ಮ ಚಿಕ್ಕಪ್ಪನ ಮಗನದ್ದು. ಅವನು ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ. ಆ ಬುಧವಾರ ಅವನಿಗೆ ರಜೆ ಕೊಡಲಿಲ್ಲ. ಬಂದರೆ ಹಾಜರಿ, ಬಾರದಿದ್ದರೆ ಸಂಬಳ ಕಟ್ ಎಂದು ಮೇಸ್ತ್ರಿ ಹೇಳಿದ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಎಂದು ಅದೇ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಹೇಳುತ್ತದೆ. ಕೊಡದ ಮಾಲೀಕರಿಗೆ ದಂಡ ಎಷ್ಟು ಗೊತ್ತಾ? 500 ರೂಪಾಯಿಯವರೆಗೆ. ಇವತ್ತಿಗೆ ಅದು ಒಬ್ಬ ಕೂಲಿಯವರ ಒಂದು ದಿನದ ದುಡ್ಡು. ಬಂಗಾರಪೇಟೆ, ಟೇಕಲ್, ಮಾಲೂರಿನಿಂದ ಬೆಳಗ್ಗೆ ಬೆಂಗಳೂರು ರೈಲು ಹತ್ತುವವರಲ್ಲಿ ಇಂಥವರು ಎಷ್ಟು ಮಂದಿ ಇರಬಹುದು? ಅವರಲ್ಲಿ 248 ಜನ ಇರುವುದಿಲ್ಲ ಎಂದು ಯಾರಾದರೂ ಹೇಳಬಲ್ಲರಾ? ಕಾರ್ಮಿಕ ಇಲಾಖೆಯವರ ಜೊತೆ ಸೇರಿ, ಮತದಾನದ ವಾರಕ್ಕೆ ಮೊದಲೇ ಕೈಗಾರಿಕಾ ಪ್ರದೇಶಗಳ ಗುತ್ತಿಗೆದಾರರನ್ನು ಕರೆಸಿ, ರಜೆ ಕೊಡುತ್ತೇವೆ ಎಂದು ಬರೆಸಿಕೊಳ್ಳಿ. ದೂರು ಹೇಳಲು ಒಂದು ಫೋನ್ ನಂಬರ್ ಕೊಡಿ, ದೂರು ಕೊಟ್ಟವರ ಹೆಸರು ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ.

ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ, ಇನ್ನೂ ಸಮಯ ಇದೆ ಎಂದು ಕಚೇರಿಯಲ್ಲಿ ಯಾರಾದರೂ ಹೇಳಬಹುದು. ಆದರೆ ಸ್ಥಾನ ಖಾಲಿಯಾಗುವುದು ನಮ್ಮನ್ನು ಕೇಳಿ ಅಲ್ಲ. 2020ರಲ್ಲಿ ಶಿರಾದ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡಾಗ, ಕೊರೊನಾ ಮಧ್ಯೆಯೇ ನವೆಂಬರ್ 3ಕ್ಕೆ ಉಪಚುನಾವಣೆ ಬಂತು. ನಿಯಮವೇ ಹಾಗಿದೆ, ಆರು ತಿಂಗಳ ಒಳಗೆ ಮಾಡಬೇಕು. ಹಾಲಿ ಶಾಸಕರು ಕಣದಲ್ಲಿ ಇಲ್ಲದ ಸ್ಥಾನಕ್ಕೆ ಎಲ್ಲರಿಗೂ ಆಸೆ. ಸರ್ಕಾರವೇ ಊರಿಗೆ ಬಂದು ಕೂತ ಹಾಗಿರುತ್ತದೆ. ಶಿರಾದಲ್ಲಿ ಮದಲೂರು ಕೆರೆಗೆ ನೀರು ತುಂಬಿಸುವ ಮಾತು ಇಡೀ ಚುನಾವಣೆಯ ಮಾತಾಗಿಬಿಟ್ಟಿತ್ತು. ಮೂರು ಪಕ್ಷಗಳಿಗೂ ನೆಲೆ ಇರುವ ನಮ್ಮ ಕಡೆಯ ಜಿಲ್ಲೆಗಳಲ್ಲಿ, ಹಳೆಯ ಮುಖ ಇಲ್ಲದ ಕ್ಷೇತ್ರದಲ್ಲಿ, ಅಂತರ ಮೂರಂಕಿಗೆ ಇಳಿಯುವುದು ಆಶ್ಚರ್ಯವೇನಲ್ಲ. ಅದಕ್ಕೇ ನಾನು ಕೇಳಿದ್ದನ್ನು ಮುಂದಿನ ಉಪಚುನಾವಣೆ ಎಲ್ಲೇ ಬರಲಿ, ಅಲ್ಲಿಂದಲೇ ಶುರು ಮಾಡಿ. ಒಂದೇ ಕ್ಷೇತ್ರ ಇರುವಾಗ ಬೋರ್ಡು ಹಾಕುವುದು, ಗೋಡೆಗೆ ಲೆಕ್ಕ ಅಂಟಿಸುವುದು, ವಿಡಿಯೋದ ಎರಡು ಪ್ರತಿ ಇಡುವುದು ಸುಲಭ. ಏನು ಸರಿಹೋಯಿತು, ಏನು ಹೋಗಲಿಲ್ಲ ಎಂದು ತಮಗೂ ತಿಳಿಯುತ್ತದೆ.

ಗೆದ್ದವರಿಗೂ ಸೋತವರಿಗೂ ಒಂದು ಮಾತು ಹೇಳಬೇಕು. ಬೂತಿಗೆ ಏಜೆಂಟರನ್ನು ಕಳಿಸುವಾಗ ಅವರಿಗೆ ಊಟದ ಪೊಟ್ಟಣದ ಜೊತೆ ನಿಯಮವನ್ನೂ ಹೇಳಿ ಕಳಿಸಿ. ನಮ್ಮ ಬೂತಿನಲ್ಲಿ ಮೂರು ಪಕ್ಷದವರೂ ಕೂತಿದ್ದರು. ದೊಡ್ಡಮ್ಮನಿಗೆ ಟೆಂಡರ್ ವೋಟು ಕೊಡಿ ಸಾರ್ ಎಂದು ಒಬ್ಬ ಹುಡುಗ ಹೇಳಿದ್ದರೂ ಸಾಕಿತ್ತು.

ಈ ಪತ್ರದ ಒಂದು ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲೂ ಕಳಿಸಿದ್ದೇನೆ, ಅದರಲ್ಲಿ ನನ್ನ ಹೆಸರು, ವಿಳಾಸ, ಅಮ್ಮನ ಗುರುತಿನ ಚೀಟಿಯ ನಕಲು ಇದೆ. ಉತ್ತರವನ್ನು ನನಗೇ ಬರೆಯಬೇಕು ಅಂತಿಲ್ಲ. ಟೆಂಡರ್ ವೋಟಿನ ಬೋರ್ಡು ಹಾಕುತ್ತೇವೆ ಎಂದು ಒಂದು ಸುತ್ತೋಲೆ ಹೊರಡಿಸಿ ಪತ್ರಿಕೆಗಳಿಗೆ ಕೊಟ್ಟರೆ, ನಾನು ಅದನ್ನು ಅಮ್ಮನಿಗೆ ಓದಿ ಹೇಳುತ್ತೇನೆ. ಅವರು ಈಗಲೂ ಆ ಗುರುತಿನ ಚೀಟಿಯನ್ನು ದೇವರ ಮನೆಯ ಗೂಡಿನಲ್ಲೇ ಇಟ್ಟಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಮತದಾರ